ಕೆನೆಬಣ್ಣದ ಗೋಡೆ, ಕೆಂಪು ನೆಲ

ಶೇಡ್ ಕಾರ್ಡಿನಲ್ಲಿ ಕ್ರೀಮ್ ಎಂದರೆ ಒಂದೇ ಬಣ್ಣವಲ್ಲ. ಒಂದು ಹಳದಿಯತ್ತ ವಾಲಿದರೆ ಇನ್ನೊಂದು ಗುಲಾಬಿಯತ್ತ, ಮತ್ತೊಂದು ತುಸು ಹಸಿರಿನತ್ತ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ. ಗೋಡೆಗೆ ಏರಿದ ಮೇಲೆ ಗೊತ್ತಾಗುತ್ತದೆ ವ್ಯತ್ಯಾಸ. ಹಾಗಾಗಿ ಕಾರ್ಡ್ ಬಿಚ್ಚುವ ಮೊದಲು ಮನೆಯ ನೆಲ ನೋಡಬೇಕು.

ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದ ಬಿಸಿಲು ಕೆಂಪಾಗಿ ಮೇಲೆದ್ದು ಗೋಡೆಯ ಕೆಳಭಾಗಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿ ಗುಲಾಬಿ ಎಳೆಯ ಕ್ರೀಮ್ ಬಳಿದಿದ್ದರೆ ಬಿಸಿಲೇರಿದ ಹೊತ್ತಿಗೆ ಗೋಡೆ ಪೀಚ್ ಬಣ್ಣಕ್ಕೆ ತಿರುಗಿರುತ್ತದೆ. ಅಪ್ಪಟ ಹಳದಿ ಎಳೆಯದಾದರೆ ಆ ಕೆಂಪನ್ನು ತಾಳಿಕೊಂಡು ಬೆಚ್ಚಗೆ ನಿಲ್ಲುತ್ತದೆ. ಎರಡಕ್ಕೂ ರಕ್ತಸಂಬಂಧವೇ ಉಂಟು: ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಎರಡೂ ಕಬ್ಬಿಣದವು, ಹಳದಿಯನ್ನು ಚೆನ್ನಾಗಿ ಕಾಯಿಸಿದರೆ ನೀರಿನಂಶ ಹೋಗಿ ಅದೇ ಕೆಂಪಾಗುತ್ತದೆ. ದೆಹಲಿಯ ರಾಷ್ಟ್ರಪತಿ ಭವನದ ಹೊರಮೈಯಲ್ಲೂ ಇದೇ ಜೋಡಿ, ಕೆನೆಬಣ್ಣದ ಮತ್ತು ಕೆಂಪು ಮರಳುಗಲ್ಲು.

ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಮನೆಯ ಕಥೆಯೇ ಬೇರೆ. ನೀಲಿ ಹೊಳಪಿನ ಆ ಬಿಳಿಯ ಪಕ್ಕದಲ್ಲಿ ಎಂಥ ಒಳ್ಳೆಯ ಕ್ರೀಮೂ ಮಾಸಿದಂತೆ ಕಾಣುತ್ತದೆ. ಅಂಥಲ್ಲಿ ಹಠ ಹಿಡಿಯದೆ ಬಹಳ ತೆಳುವಾದ ಆಫ್‌ವೈಟ್‌ಗೆ ಇಳಿಯುವುದೇ ಲೇಸು.

ಸುಣ್ಣಕ್ಕೆ ಹಳದಿ ಮಣ್ಣಿನ ಪುಡಿ ಬೆರೆಸಿ ಬಳಿದ ಗೋಡೆಗಳು ಬಹುಕಾಲ ಬಣ್ಣ ಕಾದುಕೊಳ್ಳುವುದಕ್ಕೆ ಕಾರಣವೂ ಆ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡೇ. ಸುಣ್ಣದ ಕ್ಷಾರಕ್ಕೆ ಹಲವು ಬಣ್ಣಗಳು ಕೆಡುತ್ತವೆ. ಇದು ಜಗ್ಗುವುದಿಲ್ಲ, ಬಿಸಿಲಿಗೂ ಮಂಕಾಗುವುದಿಲ್ಲ. ಇಂದಿನ ಎಮಲ್ಷನ್‌ಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಅದನ್ನು ಕ್ರೀಮ್ ಮಾಡಲು ಸಾಮಾನ್ಯವಾಗಿ ಬೀಳುವುದು ಹಳದಿ ಆಕ್ಸೈಡ್, ಜತೆಗೆ ಕೆಲವೊಮ್ಮೆ ಒಂದು ಹನಿ ಕಪ್ಪು. ಆ ಹನಿ ಕಪ್ಪು ಇಲ್ಲದ ಕ್ರೀಮ್ ನಾಲ್ಕು ಗೋಡೆಗೂ ಬಂದಾಗ ಕಣ್ಣು ಚುಚ್ಚುತ್ತದೆ.

ಉತ್ತರದ ಕೋಣೆಯ ಬೆಳಕು ಸದಾ ತಣ್ಣಗೆ, ಅಲ್ಲಿಗೆ ಗಾಢ ಕ್ರೀಮೇ ಬೇಕು ಎನ್ನುವುದು ಇಂಗ್ಲೆಂಡಿನಂಥ ನಾಡುಗಳ ಅನುಭವ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ನಮ್ಮಲ್ಲಿ ಗಾಢ ಕ್ರೀಮ್ ನಿಜಕ್ಕೂ ಸಲ್ಲುವುದು ಮಲೆನಾಡಿಗೆ: ತಿಂಗಳುಗಟ್ಟಲೆ ಮೋಡದ ಬೂದು ಬೆಳಕು, ಮೇಲೆ ಅಡಿಕೆ ತೋಟದ ನೆರಳು.

ರಾತ್ರಿಗೆ ಬಲ್ಬಿನದೇ ಅಧಿಕಾರ. 6500 ಕೆಲ್ವಿನ್‌ನ ಎಲ್‌ಇಡಿ ಕ್ರೀಮಿನ ಕಾವನ್ನೆಲ್ಲ ಹೀರಿ ಬೂದಿ ಬಳಿದಂತೆ ಮಾಡುತ್ತದೆ. 3000 ಕೆಲ್ವಿನ್‌ನದು ಹಾಕಿದರೆ ಅದೇ ಗೋಡೆಗೆ ಜೀವ ಬರುತ್ತದೆ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು ಬಲ್ಬಿನಲ್ಲಿ ಜಿಪುಣತನ ಮಾಡಬಾರದು.

ಪರೀಕ್ಷೆಗೆ ಎರಡು ದೊಡ್ಡ ಡ್ರಾಯಿಂಗ್ ಶೀಟ್ ಸಾಕು. ಎರಡಕ್ಕೂ ಎರಡೆರಡು ಕೋಟ್ ಬಳಿದು, ಪೂರ್ತಿ ಒಣಗಿಸಿ, ಕೋಣೆಯ ಒಂದು ಮೂಲೆಯಲ್ಲಿ ಕೂಡುವ ಎರಡು ಗೋಡೆಗಳಿಗೆ ಒಂದೊಂದು ಅಂಟಿಸಬೇಕು. ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಮೂಲೆ ಗಾಢವಾಗುತ್ತದೆ. ಇಡೀ ಕೋಣೆ ಬಳಿದ ಮೇಲೆ ಆಗುವುದೂ ಅದೇ. ಅತಿಯಾಯಿತೆನಿಸಿದರೆ ಬೇರೆ ಶೇಡ್ ಹುಡುಕಬೇಕಾಗಿಲ್ಲ. ಅದೇ ಶೇಡನ್ನು ಅರ್ಧ ಪ್ರಮಾಣದ ಬಣ್ಣ ಹಾಕಿ ಮಿಕ್ಸಿಂಗ್ ಮಷೀನ್ ಇರುವ ಅಂಗಡಿಯಲ್ಲಿ ಮಾಡಿಸಬಹುದು.

ಬಾಗಿಲ ಚೌಕಟ್ಟು ತೇಗದ್ದಾದರೆ ಪಾಲಿಶ್ ಸಾಕು, ಕ್ರೀಮಿಗೆ ಅದಕ್ಕಿಂತ ಒಳ್ಳೆಯ ಜತೆ ಇಲ್ಲ. ಬಿಳಿಯೇ ಬೇಕೆಂದರೆ ನೀರು ಬೆರೆಸುವ ಎನಾಮೆಲ್ ಕೇಳಿ ತರಬೇಕು. ಎಣ್ಣೆಯ ಎನಾಮೆಲ್, ಅದರಲ್ಲೂ ಬೆಳಕು ಕಾಣದ ಒಳಬಾಗಿಲುಗಳಲ್ಲಿ, ಕೆಲವೇ ವರ್ಷಗಳಲ್ಲಿ ತಾನಾಗಿಯೇ ಹಳದಿಯಾಗುತ್ತದೆ.