‘ಎಯಲುಷೆರ್ವೆನ್’: ನಿಷ್ಪತ್ತಿ, ಸಂದರ್ಭ ಮತ್ತು ಅರ್ಥವಿವರಣೆ

ಪ್ರಾಚೀನ ಇಂಗ್ಲಿಷಿನ ‘ಬಿಯೋವುಲ್ಫ್’ ಕಾವ್ಯದ 769ನೆಯ ಸಾಲಿನಲ್ಲಿ ಬರುವ ‘ಎಯಲುಷೆರ್ವೆನ್’ ಒಂದು ಏಕಪ್ರಯೋಗ ಪದ. ಹೆಯೊರೊಟ್ ಸಭಾಭವನದಲ್ಲಿ ನಾಯಕನೂ ಗ್ರೆಂಡೆಲ್ಲನೂ ಸೆಣಸುವಾಗ ಆ ಸದ್ದನ್ನು ಕೇಳಿದ ಡೇನರಿಗೆ ಒದಗಿದ ಸ್ಥಿತಿಯನ್ನು ಅದು ಹೇಳುತ್ತದೆ. ಇದನ್ನು ‘ಭೀತಿ’ ಎಂದು ಅರ್ಥೈಸುವುದು ರೂಢಿಯಲ್ಲಿದೆ. ಸಂದರ್ಭದಿಂದ ಊಹಿಸಿದ್ದನ್ನು ಪದದ ಅರ್ಥವೆಂದೇ ದಾಖಲಿಸುವ ಈ ಕ್ರಮಕ್ಕೆ ನಮ್ಮ ಆಕ್ಷೇಪವಿದೆ.

ಪೂರ್ವಪದ ‘ಎಯಲು’ವಿಗೆ ‘ಏಲ್ ಮದ್ಯ’ ಎಂಬುದು ಸಾಮಾನ್ಯ ಅರ್ಥ. ಹೆಚ್ಚಿನ ವಿವಾದವಿರುವುದು ಉತ್ತರಪದದಲ್ಲಿ. ‘ಷೆರಿಯನ್’ ಎಂದರೆ ‘ಪಾಲು ಹಂಚು’. ‘ಬೆ-’ ಪೂರ್ವಪ್ರತ್ಯಯ ಸೇರಿದ ‘ಬೆಷೆರಿಯನ್’ ಎಂದರೆ ‘ವಂಚಿತಗೊಳಿಸು’. ಹೀಗಾಗಿ ‘ಮದ್ಯದ ಹಂಚಿಕೆ’, ‘ಮದ್ಯದಿಂದ ವಂಚಿತರಾಗುವಿಕೆ’ ಎಂಬ ಎರಡು ವಿರುದ್ಧ ಅರ್ಥಗಳು ಸೂಚಿತವಾಗಿವೆ. ಪಾನಗೋಷ್ಠಿಯ ಸುಖ ಕಳೆದುಹೋದ ಸನ್ನಿವೇಶಕ್ಕೆ ಎರಡನೆಯದು ಸುಲಭವಾಗಿ ಹೊಂದುತ್ತದೆ. ಆದರೆ ಅಭಾವಾರ್ಥವನ್ನು ತರುವ ಪೂರ್ವಪ್ರತ್ಯಯವೇ ಈ ಸಮಾಸದಲ್ಲಿಲ್ಲ.

‘ಆಂಡ್ರಿಯಾಸ್’ ಕಾವ್ಯದ 1526ನೆಯ ಸಾಲಿನ ‘ಮೆಯೊದುಷೆರ್ವೆನ್’ ಇಲ್ಲಿ ನಿರ್ಣಾಯಕವೆಂದು ನಾವು ಭಾವಿಸುತ್ತೇವೆ. ‘ಮೆಯೊದು’ ಎಂದರೆ ಜೇನಿನ ಮದ್ಯ. ಅಲ್ಲಿ ಪ್ರವಾಹವು ಮೆರ್ಮೆಡೋನಿಯದ ಜನರನ್ನು ಮುಳುಗಿಸುತ್ತದೆ; ಮುಂದಿನ ಸಾಲುಗಳು ಅದನ್ನು ಕಹಿಯಾದ ಪಾನವೆಂದೂ ಬಡಿಸುವವರು ತಡಮಾಡಲಿಲ್ಲವೆಂದೂ ವರ್ಣಿಸುತ್ತವೆ. ನೀರು ಮಿತಿಮೀರಿ ಸುರಿಯುತ್ತಿರುವಲ್ಲಿ ‘ವಂಚಿತರಾಗುವಿಕೆ’ಗೆ ಎಡೆಯಿಲ್ಲ, ‘ಹಂಚಿಕೆ’ಯ ಕಟುವ್ಯಂಗ್ಯವೇ ಸಲ್ಲುತ್ತದೆ. ‘ಎಯಲು’ವನ್ನು ಸ್ಕ್ಯಾಂಡಿನೇವಿಯದ ರೂನ್ ಶಾಸನಗಳ ‘ಅಲು’ವಿನೊಂದಿಗೆ ಜೋಡಿಸಿ, ಅದಕ್ಕೆ ಮಾಂತ್ರಿಕ ಅರ್ಥವನ್ನು ಆರೋಪಿಸುವ ವಾದವೂ ‘ಮೆಯೊದು’ವಿನ ಎದುರು ದುರ್ಬಲವಾಗುತ್ತದೆ.

‘ಆಂಡ್ರಿಯಾಸ್’ ಕವಿಯು ‘ಬಿಯೋವುಲ್ಫ್’ಗೆ ಋಣಿಯೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅದನ್ನು ಒಪ್ಪಿದರೆ ಈ ಎರಡು ಪ್ರಯೋಗಗಳನ್ನು ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಲಾಗದು. ಆದರೂ ಎರಡನೆಯದರ ಬೆಲೆ ಕುಗ್ಗುವುದಿಲ್ಲ: ಅದು ಮೂಲಭಾಷಿಕನೊಬ್ಬನು ಈ ಪದವನ್ನು ಹೇಗೆ ಗ್ರಹಿಸಿದನೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಆದ್ದರಿಂದ ‘ಭೀತಿ’ ಎಂಬುದು ಪದದ ಅರ್ಥವಲ್ಲ, ಸನ್ನಿವೇಶದ ಪರಿಣಾಮ. ಅದನ್ನೇ ಅರ್ಥವೆಂದು ಕೊಟ್ಟಾಗ ಔತಣದ ರೂಪಕ ಅಳಿಯುತ್ತದೆ. ಆ ಅರ್ಥವಿವರಣೆಯನ್ನೇ ನಂಬುವ ಮುಂದಿನ ಸಂಶೋಧಕನು ಊಹೆಯನ್ನು ಪುರಾವೆಯೆಂದು ಎಣಿಸುತ್ತಾನೆ. ಏಕಪ್ರಯೋಗ ಪದಗಳ ನಮೂದಿನಲ್ಲಿ ಘಟಕಾರ್ಥ, ನಿಷ್ಪತ್ತಿ, ಸಂದರ್ಭಾರ್ಥ ಈ ಮೂರನ್ನೂ ಬೇರೆಬೇರೆಯಾಗಿ ಕೊಡುವುದು ಅಗತ್ಯ.