ಕೃಷ್ಣಪ್ಪನ ದಣಿವು, ಸೀತೆಯ ಸಂಬಳ

ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಪ್ರಕಟವಾದಾಗ ಓದುಗರು ಅದರ ಕಥಾನಾಯಕ ಕೃಷ್ಣಪ್ಪ ಗೌಡನಲ್ಲಿ ಶಾಂತವೇರಿ ಗೋಪಾಲಗೌಡರನ್ನು ಕಂಡರು. ಕಾಗೋಡು ಸತ್ಯಾಗ್ರಹದ ಮುಂದಾಳು, ಸಮಾಜವಾದಿ ಶಾಸಕ ಗೋಪಾಲಗೌಡರು 1972ರಲ್ಲಿ ತೀರಿಕೊಂಡಿದ್ದರು. ಕಾದಂಬರಿಯನ್ನು ಜೀವನಚರಿತ್ರೆಯಂತೆ ಓದುವ ಈ ಚಟದಿಂದ ಒಂದು ನಷ್ಟವಾಯಿತು. ಯಾರು ಯಾರೆಂದು ಹುಡುಕುವ ಭರದಲ್ಲಿ ಮನೆಯೊಳಗಿನ ಹೆಂಗಸರತ್ತ ಕಣ್ಣು ಹೋಗಲಿಲ್ಲ.

ಪಾರ್ಶ್ವವಾಯು ಬಡಿದು ಮಲಗಿರುವ ಕೃಷ್ಣಪ್ಪ ದಣಿದ ಮನುಷ್ಯ. ದಣಿವು ದೇಹದ್ದಷ್ಟೇ ಅಲ್ಲ. ರೈತರಿಗಾಗಿ ಹೋರಾಡಿ ಬಂದವನ ಸುತ್ತ ಈಗ ಗುತ್ತಿಗೆದಾರ ವೀರಣ್ಣನಂಥವರು ಉಪಕಾರದ ಕೈ ಚಾಚಿಕೊಂಡು ನಿಂತಿದ್ದಾರೆ. ಇಂತಹ ಹೊತ್ತಿನಲ್ಲಿ ಅವನ ಮನಸ್ಸು ಕಾಲೇಜು ದಿನಗಳ ಗೆಳತಿ ಗೌರಿ ದೇಶಪಾಂಡೆಯತ್ತ ಹೊರಳುತ್ತದೆ. ಗೌರಿಯೊಡನೆ ಅವನಿಗೆ ಸ್ನೇಹವಿದೆ, ಸರಿಸಮಾನ ಮಾತಿದೆ, ಕನಸಿದೆ. ಹೆಂಡತಿ ಸೀತೆಯೊಡನೆ ಇರುವುದು ಸಿಡುಕು ಮತ್ತು ಎತ್ತಿದ ಕೈ.

ಲೇಖಕರು ಆ ಕೈಯನ್ನು ಮುಚ್ಚಿಡಲಿಲ್ಲ ಎಂಬುದು ದೊಡ್ಡ ಮಾತು. ಆದರ್ಶವಾದಿಯೊಬ್ಬ ಮನೆಯೊಳಗೆ ಪಾಳೇಗಾರನಾಗುವುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದವರು ಆ ಕಾಲದಲ್ಲಿ ಕಡಿಮೆ. ನನ್ನ ತಕರಾರು ಬೇರೆಯದು. ಸೀತೆ ಬ್ಯಾಂಕಿನ ನೌಕರಿಗೆ ಹೋಗುತ್ತಾಳೆ. ಶಾಸಕನ ಪ್ರಾಮಾಣಿಕತೆಗೆ ಅಕ್ಕಿ-ಬೇಳೆ ಒದಗಿಸುವುದು ಬಹುಮಟ್ಟಿಗೆ ಆ ಸಂಬಳವೇ ಅಲ್ಲವೇ? ಅದಿಲ್ಲದಿದ್ದರೆ ಕೃಷ್ಣಪ್ಪ ವೀರಣ್ಣನ ಮುಂದೆ ಎಷ್ಟು ದಿನ ತಲೆಯೆತ್ತಿ ನಿಲ್ಲುತ್ತಿದ್ದ? ಈ ಲೆಕ್ಕವನ್ನು ಕಾದಂಬರಿ ಬಿಡಿಸಿ ನೋಡುವುದಿಲ್ಲ. ಸೀತೆಯ ಚಿಂತೆಗಳು ನಮಗೆ ತಲುಪುವುದು ಗಂಡನ ಅಸಹನೆಯ ಮೂಲಕ. ಹಾಗಾಗಿ ಅವು ಸಣ್ಣತನದಂತೆ ಕಾಣುತ್ತವೆ. ಮನೆ ನಡೆಸುವವಳಿಗೆ ನಾಳೆಯ ಯೋಚನೆ ಇರಬಾರದೇ?

ನಮ್ಮ ಕಡೆ, ಸಿಂಧನೂರಾಗಲಿ ಲಿಂಗಸುಗೂರಾಗಲಿ, ರಾಜಕಾರಣಿಯ ಮನೆ ಬೆಳಗಾಗುವ ಮೊದಲೇ ತುಂಬಿರುತ್ತದೆ. ಅರ್ಜಿ ಹಿಡಿದು ಬಂದವರಿಗೆಲ್ಲ ಒಳಗಿಂದ ಚಹಾ ಬರುತ್ತದೆ. ಚಹಾ ಮಾಡಿದವಳ ಹೆಸರು ಬಂದವರಲ್ಲಿ ಎಷ್ಟು ಮಂದಿಗೆ ಗೊತ್ತು? ಧರ್ಮ, ಜಾತಿ, ಪಕ್ಷ ಯಾವುದೇ ಇರಲಿ, ಈ ವಿಷಯದಲ್ಲಿ ಎಲ್ಲರ ಮನೆಯೂ ಒಂದೇ.

ಕೃಷ್ಣ ಮಾಸಡಿಯವರು 1987ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಕೃಷ್ಣಪ್ಪನಾದವರು ಅನಂತನಾಗ್. ಬರವಣಿಗೆಯಲ್ಲಿ ಪಾತ್ರದ ಮನಸ್ಸಿನೊಳಗೆ ಹೋಗದೆ ದಾಟಿಬಿಡಬಹುದು, ತೆರೆಯ ಮೇಲೆ ಹೆಂಡತಿಯ ಮುಖವನ್ನು ತೋರಿಸಲೇಬೇಕು. ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಳ್ಳುವವರು ಕೃಷ್ಣಪ್ಪ ಗೌರಿಯನ್ನು ನೆನೆಯುವ ಪುಟಗಳಲ್ಲಿ ಒಂದಿಷ್ಟು ನಿಂತು, ಆ ಹೊತ್ತಿಗೆ ಸೀತೆ ಎಲ್ಲಿದ್ದಾಳೆಂದು ಕೇಳಿಕೊಳ್ಳಲಿ. ಹೆಚ್ಚಿನ ಸಲ ಅವಳು ಕೆಲಸದಲ್ಲಿರುತ್ತಾಳೆ.