ಚೀನೀಕರಣ: ಒಂದು ಪದ, ಎರಡು ಅರ್ಥ

ಮತಧರ್ಮವು ದೇಶಾಂತರಕ್ಕೆ ಹೋದಾಗ ಆ ನೆಲದ ಉಡುಗೆಯನ್ನು ಉಡುವುದು ಸಹಜ. ಚೀನಾದಲ್ಲಿ ಇದು ವಿಪುಲವಾಗಿ ನಡೆದಿದೆ. ಕ್ರಿ.ಶ. 401ರಲ್ಲಿ ಚಾಂಗಾನ್ ನಗರವನ್ನು ಸೇರಿದ ಕುಮಾರಜೀವನು ಬೌದ್ಧ ಸೂತ್ರಗಳನ್ನು ಚೀನೀಯರ ಕಿವಿಗೆ ಹಿತವಾಗುವಂತೆ ಭಾಷಾಂತರಿಸಿದನು. ಭಾರತದಲ್ಲಿ ಪುರುಷರೂಪಿಯಾಗಿದ್ದ ಅವಲೋಕಿತೇಶ್ವರನು ಅಲ್ಲಿ ಕಾಲಕ್ರಮದಲ್ಲಿ ಗುವಾನ್‌ಯಿನ್ ಎಂಬ ಕರುಣಾಮಯಿ ತಾಯಿಯಾದನು. ಚಾಂಗಾನ್ ಎಂದರೆ ಇಂದಿನ ಶಿಯಾನ್. ಅಲ್ಲಿಯ ಮಹಾಮಸೀದಿಗೆ ಗುಮ್ಮಟವೇ ಇಲ್ಲ. ಅಂಗಳದ ಹಿಂದೆ ಅಂಗಳ, ಹೆಂಚಿನ ಇಳಿಮಾಡು. ಇದರಿಂದ ಅಲ್ಲಿ ನಮಾಜು ಮಾಡುವವರ ಶ್ರದ್ಧೆಗೆ ಕುಂದು ಬಂದಿಲ್ಲ.

2015ರಿಂದ ಚೀನಾ ಸರಕಾರವು ‘ಮತಗಳ ಚೀನೀಕರಣ’ವನ್ನು ತನ್ನ ನೀತಿಯೆಂದು ಸಾರುತ್ತಿದೆ. ಪದವು ಮೇಲಿನ ಇತಿಹಾಸವನ್ನೇ ನೆನಪಿಸುವುದು ನಿಜ. ಆದರೆ ಅಂದು ಶ್ರದ್ಧಾವಂತರು ತಾವಾಗಿ ಒಗ್ಗಿಸಿಕೊಂಡುದನ್ನು ಇಂದು ಅಧಿಕಾರಿಗಳು ಆಜ್ಞಾಪಿಸಿ ಮಾಡಿಸುತ್ತಾರೆ. ಯುನ್ನಾನ್ ಪ್ರಾಂತದ ಶಾದಿಯಾನ್ ಮಸೀದಿಯ ಗುಮ್ಮಟವು 2024ರ ವೇಳೆಗೆ ಮಾಯವಾಗಿ, ಚೀನೀ ಮಾದರಿಯ ಮಾಡು ಬಂದುದು ಹೀಗೆ. ಹಿಂದಿನ ಅರಸರೆಲ್ಲ ಸಾಧುಗಳಾಗಿದ್ದರೆಂದಲ್ಲ. 845ರಲ್ಲಿ ವೂಜೊಂಗ್ ಚಕ್ರವರ್ತಿಯು ಸಾವಿರಾರು ವಿಹಾರಗಳನ್ನು ನಾಶಗೊಳಿಸಿದನು. ಆದರೆ ಸಂನ್ಯಾಸಿಯು ಅರಸನಿಗೆ ತಲೆಬಾಗಬೇಕಿಲ್ಲವೆಂದು 404ರಲ್ಲಿಯೇ ಗ್ರಂಥ ರಚಿಸಿದ ಹುಯಿಯುವಾನನೂ ಅಪ್ಪಟ ಚೀನೀಯನೇ. ಅವನ ವಾದಕ್ಕೆ ಈ ‘ಚೀನೀಕರಣ’ದಲ್ಲಿ ಎಡೆಯಿಲ್ಲ.

ಮಠದ ಬಾಳನ್ನು ಒಳಗಿನಿಂದ ಬಲ್ಲವರಿಗೆ ಗುಮ್ಮಟಕ್ಕಿಂತಲೂ ಗುರುಪರಂಪರೆಯ ಸಂಗತಿ ಹೆಚ್ಚು ನಾಟುತ್ತದೆ. ಟಿಬೆಟ್ಟಿನ ಲಾಮಾಗಳ ಪುನರವತಾರಕ್ಕೆ ಸರಕಾರದ ಅನುಮತಿ ಇರಲೇಬೇಕೆಂದು 2007ರಲ್ಲಿ ಆಜ್ಞೆ ಹೊರಟಿತು. ಪುನರ್ಜನ್ಮವನ್ನೇ ನಂಬದ ಪಕ್ಷವು ಪುನರ್ಜನ್ಮಕ್ಕೆ ಪರವಾನಿಗೆ ನೀಡುತ್ತದೆ! ಇದಕ್ಕೆ ಅವರು ತೋರುವ ಆಧಾರ, ಚಿಯಾನ್‌ಲಾಂಗ್ ಚಕ್ರವರ್ತಿಯು 1793ರಲ್ಲಿ ವಿಧಿಸಿದ ಸುವರ್ಣಕಲಶದ ಚೀಟಿ ಎತ್ತುವ ಪದ್ಧತಿ. ಅದೂ ರಾಜಕಾರಣವೇ. ಆದರೂ ಆತನು ಟಿಬೆಟ್ಟಿನ ಗುರುವಿನಿಂದ ದೀಕ್ಷೆ ಪಡೆದವನು. ನಮ್ಮ ಮಠಗಳ ಉತ್ತರಾಧಿಕಾರದ ವ್ಯಾಜ್ಯಗಳೂ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಅಲ್ಲಿ ವಿಚಾರಣೆಗೆ ಬರುವುದು ಆ ಮಠದ ಸಂಪ್ರದಾಯವೇನೆಂಬ ಪ್ರಶ್ನೆ. ಸಂಪ್ರದಾಯವನ್ನು ನ್ಯಾಯಾಧೀಶರು ತಾವೇ ಸೃಷ್ಟಿಸುವುದಿಲ್ಲ.

ಆಜ್ಞೆ ಹೊರಡುವ ಮೊದಲೇ ಅದರ ಫಲ ಕಂಡಿತ್ತು. 1995ರ ಮೇ 14ರಂದು ದಲಾಯಿ ಲಾಮಾ ಅವರು ಗೆದುನ್ ಚೋಕಿ ನಿಮಾ ಎಂಬ ಆರು ವರ್ಷದ ಬಾಲಕನನ್ನು ಹನ್ನೊಂದನೆಯ ಪಂಚೇನ್ ಲಾಮಾ ಎಂದು ಘೋಷಿಸಿದರು. ಕೆಲವೇ ದಿನಗಳಲ್ಲಿ ಸರಕಾರವು ಅವನನ್ನೂ ಅವನ ತಂದೆತಾಯಿಗಳನ್ನೂ ಕರೆದೊಯ್ದಿತು. ನವೆಂಬರಿನಲ್ಲಿ ಕಲಶದಿಂದ ಬೇರೊಬ್ಬ ಬಾಲಕನ ಹೆಸರನ್ನು ಎತ್ತಿಸಿತು. ಪಂಚೇನ್ ಲಾಮಾಗಳ ಪೀಠವಾದ ತಾಶಿಲುಂಪೋ ಮಠವನ್ನು ಅದರ ನಿರಾಶ್ರಿತ ಭಿಕ್ಷುಗಳು 1972ರಲ್ಲಿ ನಮ್ಮ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಪುನಃ ಸ್ಥಾಪಿಸಿದ್ದಾರೆ. ಅವರು ತಮ್ಮ ಗುರುವೆಂದು ನಂಬಿರುವ ಆ ಬಾಲಕನಿಗೆ ಈಗ ವಯಸ್ಸು ಮೂವತ್ತೈದು ದಾಟಿದೆ. ಹೊರಜಗತ್ತು ಇದುವರೆಗೂ ಅವನ ಮುಖವನ್ನು ಕಂಡಿಲ್ಲ.